ಮಂಗಳದ ನಂತರವೂ ಓಡಿದ ಸಿನಿಮಾ

ಮೊದಲೇ ಹೇಳಿಬಿಡುತ್ತೇನೆ. ಈ ವಾರ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು.

ಬಾಲ್ಯದ ಕಥೆಯಾಗಿದ್ದರೆ ಈ ಮಾತು ಒಪ್ಪುತ್ತಿತ್ತು. ಆದರೆ ಇದು ಹೋದ ಶನಿವಾರ ಸಂಜೆಯದು. ಆದರೂ ನೋಡಿ, ಅಲ್ಲಿದ್ದವರನ್ನು ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಹೇಳಿಕೆ. ಪಿಟೀಲು ಮಂಗಳ ಶುರು ಮಾಡಿದಾಗ ಪರದೆ ಕತ್ತಲಾಗಿತ್ತು ಅಂತ ನಾನು. ಇಲ್ಲ, ಹುಡುಗ ಹುಡುಗಿ ಇನ್ನೂ ಮುತ್ತು ಕೊಡ್ತಾ ಇದ್ರು ಅಂತ ನನ್ನ ಮಗಳು. ನಾನು ಪರದೆ ನೋಡಲೇ ಇಲ್ಲ, ಬಿಸಿಬೇಳೆಭಾತಿನ ವಾಸನೆ ಬಂತು, ಎದ್ದೆ ಅಂತ ನನ್ನ ಗಂಡ. (ಮೂರರಲ್ಲಿ ನಾನು ಪೂರ್ತಿ ನಂಬುವುದು ಗಂಡನ ಸಾಕ್ಷ್ಯವನ್ನು ಮಾತ್ರ.) ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರಿಗೆ ಇದೊಂದು ಕಾಯಿಲೆ. ಸಾವಿರ ವರ್ಷದ ಹಿಂದಿನ ಶಾಸನವನ್ನು ಅನುಮಾನಿಸಲು ಕಲಿಸುತ್ತಾರೆ. ಆಮೇಲೆ ಬೆಳಿಗ್ಗೆ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಅನ್ನುವುದರ ಮೇಲೂ ಅನುಮಾನ ಬರುತ್ತದೆ.

ಒಂದು ಸಂಗತಿಯಲ್ಲಿ ಮಾತ್ರ ಎಲ್ಲರದೂ ಒಮ್ಮತ. ನಮ್ಮ ಶ್ರೀಧರ ಮಾಮ ಮಂಗಳ ನುಡಿಸಿದಾಗ ಸಿನಿಮಾ ಇನ್ನೂ ಮುಗಿದಿರಲಿಲ್ಲ.

ಶ್ರೀಧರ ಮಾಮ ನನ್ನ ಅಮ್ಮನ ತಮ್ಮ. ಮೈಸೂರಿನಿಂದ ಕೇಂದ್ರ ಸರ್ಕಾರದ ಕ್ಲರ್ಕ್ ಕೆಲಸಕ್ಕೆ ದೆಹಲಿಗೆ ಬಂದು, ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಆಫೀಸು ಮುಗಿಸಿ ಬಸ್ಸು ಹಿಡಿದು ಕರೋಲ್ ಬಾಗಿಗೆ ಹೋಗಿ, ಅಲ್ಲಿ ತಾರಸಿಯ ಮೇಲಿನ ಕೋಣೆಯೊಂದರಲ್ಲಿದ್ದ ಮೇಷ್ಟರಿಂದ ಪಿಟೀಲು ಕಲಿತರು. ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿ ಇದ್ದಷ್ಟು ಕಾಲ ಪಕ್ಕದ ಮನೆಯ ಪಂಜಾಬಿಗಳು ಅವರ ಅಭ್ಯಾಸವನ್ನು ಸಹಿಸಿಕೊಂಡರು. ಈಗ ಆ ಪುಣ್ಯ ಮಯೂರ್ ವಿಹಾರದವರದು. ದಾಸರ ಪದವಿರಲಿ, ಭಾವಗೀತೆಯಿರಲಿ, ಮಕ್ಕಳ ನೃತ್ಯವಿರಲಿ, ದೆಹಲಿ ಸುತ್ತಮುತ್ತ ಕನ್ನಡದವರು ಎಲ್ಲಿ ಜಮಖಾನ ಹಾಸಿದರೂ ಅದರ ಒಂದು ತುದಿಯಲ್ಲಿ ಮಾಮ. ಫೋಟೋಗಳಲ್ಲಿ ಅವರ ಅರ್ಧ ಮುಖ ಮಾತ್ರ ಬಿದ್ದಿರುತ್ತದೆ. ಪಕ್ಕವಾದ್ಯದವರ ಹಣೆಬರಹ.

ತೊಂದರೆ ಶುರುವಾದದ್ದು ಅವರ ಕಿವಿಯಿಂದ.

ಶ್ರವಣಯಂತ್ರ ಇಲ್ಲವೆಂದಲ್ಲ. ಇದೆ. ಡಬ್ಬಿಯಲ್ಲಿದೆ. ಡಬ್ಬಿ ಬೀರುವಿನಲ್ಲಿದೆ. "ಅದನ್ನ ಹಾಕ್ಕೊಂಡ್ರೆ ಸಂಗೀತ ಕೇಳ್ಸಲ್ಲ ಪುಟ್ಟಿ, ನಿಮ್ಮತ್ತೆಯ ಕುಕ್ಕರ್ ಕೇಳ್ಸತ್ತೆ" ಅನ್ನುತ್ತಾರೆ. ಅದಿಲ್ಲದೆಯೂ ನಡೆಯುತ್ತಿತ್ತು. ತಮ್ಮ ಪಿಟೀಲು ಅವರ ಎದೆಗೇ ಒತ್ತಿಕೊಂಡಿರುತ್ತದೆ, ಅದು ಗೊತ್ತಾಗುತ್ತದೆ. ಹಾಡುವವರ ಬಾಯಿ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರು. ಹಾಡುವವರು ಇವರ ಕಡೆ ತಿರುಗಿ ಕೂತಿದ್ದರೆ ಕಛೇರಿ ಅದ್ಭುತ. ಮೈಕಿನ ಕಡೆ ತಿರುಗಿದರೋ, ದೇವರೇ ಗತಿ.

ಒಂದು ತಿಂಗಳ ಹಿಂದೆ ಪ್ರವೀಣ್ ಫೋನ್ ಮಾಡಿದ. ನೋಯ್ಡಾದಲ್ಲಿ ನಾವಿರುವ ಕಡೆಯ ಅಪಾರ್ಟ್‌ಮೆಂಟ್ ಸೊಸೈಟಿಗಳ ಕನ್ನಡದವರು ಸೇರಿ ಮಾಡಿಕೊಂಡ ಪುಟ್ಟ ಬಳಗವೊಂದಿದೆ. ಅದಕ್ಕೆ ಅವನು ಸೆಕ್ರೆಟರಿ. ದಾವಣಗೆರೆಯವನು, ಸಾಫ್ಟ್‌ವೇರಿನವನು, ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡುವವನು.

"ಮೇಡಂ, ಹೆಂಗ್ ಹೇಳೋದು ಗೊತ್ತಾಗ್ತಿಲ್ಲ. ಹೋದ ಸಲ ಹಾಡಿದ್ರಲ್ಲ, ಅವರು ನಿಮ್ಮ ಮಾಮ ಇದ್ರೆ ಇನ್ಮುಂದೆ ಬರಲ್ಲ ಅಂತಿದಾರೆ. ಅವರು ಕಲ್ಯಾಣಿ ಹಾಡ್ತಿದ್ರೆ ಇವರು ಶಂಕರಾಭರಣ ನುಡಿಸಿದ್ರಂತೆ."

"ನಿಮಗೆ ವ್ಯತ್ಯಾಸ ಗೊತ್ತಾಯ್ತಾ?"

"ಇಲ್ಲ ಮೇಡಂ. ಆದ್ರೆ ಅವರ ಮುಖ ನೋಡಿ ಗೊತ್ತಾಯ್ತು. ನೀವೇ ಮಾಮಂಗೆ ಒಂದು ಮಾತು ಹೇಳ್ಬಿಡಿ."

"ಸೆಕ್ರೆಟರಿ ನೀವಲ್ವಾ?"

"ನಾನು ಹೊರಗಿನೋನು ಮೇಡಂ."

ಹೊರಗಿನವನಿಗೆ ಧೈರ್ಯವಿಲ್ಲ, ಒಳಗಿನವಳಿಗೆ ಮನಸ್ಸಿಲ್ಲ. ಆಮೇಲೆ ಪ್ರವೀಣನಿಗೇ ದಾರಿ ಹೊಳೆಯಿತು.

"ಒಂದು ಕೆಲ್ಸ ಮಾಡೋಣ. ಸನ್ಮಾನ ಮಾಡ್ಬಿಡೋಣ."

ಇದು ನಮ್ಮವರ ವಿಶೇಷ ಶೋಧನೆ. ಯಾರಿಗಾದರೂ 'ನೀವಿನ್ನು ಬರುವುದು ಬೇಡ' ಎಂದು ಹೇಳಬೇಕಾದರೆ ನಾವು ಬಾಯಿ ಬಿಡುವುದಿಲ್ಲ. ಶಾಲು ಹೊದಿಸುತ್ತೇವೆ. ತಲೆಗೆ ಮೈಸೂರು ಪೇಟ, ಕೈಗೆ ಹಣ್ಣಿನ ಬುಟ್ಟಿ, ಕೊರಳಿಗೆ ಹಾರ. ಹಾರದ ಭಾರಕ್ಕೆ ಮನುಷ್ಯ ಬಗ್ಗಿರುವಾಗಲೇ 'ಸುದೀರ್ಘ ಸೇವೆ' ಎಂಬ ಎರಡು ಪದ ಓದಿಬಿಡುತ್ತೇವೆ. ಆಮೇಲೆ ಅವರು ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ, ವೇದಿಕೆಗೆ ಕರೆಯುವುದಿಲ್ಲ. ಎಷ್ಟು ಗೌರವ! ಎಷ್ಟು ಅಚ್ಚುಕಟ್ಟು! ರಕ್ತ ಬರುವುದಿಲ್ಲ. ಕಾಶ್ಮೀರಿ ಶಾಲು ಬರುತ್ತದೆ.

ಅದೇ ತಿಂಗಳು ಬಳಗದಲ್ಲಿ ಮೂಕಿ ಸಿನಿಮಾ ತೋರಿಸುವ ಯೋಚನೆ ನಡೆದಿತ್ತು. ಕಪ್ಪು ಬಿಳುಪಿನ ಕಾಲದ ವಿದೇಶೀ ಹಾಸ್ಯಚಿತ್ರ. ಯಾಕೆ ಅಂದರೆ ಮಕ್ಕಳಿಗಾಗಿ. ಕನ್ನಡ ನಾಟಕ ಮಾಡಿದರೆ ನಮ್ಮ ಮಕ್ಕಳಿಗೆ ಅರ್ಥವಾಗುವುದಿಲ್ಲ. ಪಕ್ಕದಲ್ಲಿ ಕೂತ ತಾಯಂದಿರು ಹಿಂದಿಯಲ್ಲಿ ಕಾಮೆಂಟರಿ ಕೊಡಬೇಕಾಗುತ್ತದೆ. ಮೂಕಿ ಸಿನಿಮಾದಲ್ಲಿ ಆ ತಾಪತ್ರಯವಿಲ್ಲ. ಕನ್ನಡ ಬಳಗ ಉಳಿಯಬೇಕಾದರೆ ಯಾರೂ ಏನೂ ಮಾತಾಡದ ಸಿನಿಮಾ ತೋರಿಸುವುದೇ ಸರಿ ಎಂದು ಕಾರ್ಯಕಾರಿ ಸಮಿತಿ ಒಮ್ಮತದಿಂದ ತೀರ್ಮಾನಿಸಿತು. (ಇದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ.)

ಹಿಂದೆ ಇಂಥ ಸಿನಿಮಾ ನಡೆಯುವಾಗ ಪರದೆಯ ಪಕ್ಕದಲ್ಲೇ ಕೂತು ಯಾರಾದರೂ ವಾದ್ಯ ನುಡಿಸುತ್ತಿದ್ದರಂತೆ. ನಾವೂ ಹಾಗೇ ಮಾಡೋಣ ಅಂದ ಪ್ರವೀಣ್. "ಮಾಮ ನುಡಿಸ್ಲಿ ಮೇಡಂ. ಹಾಡೋರು ಇಲ್ಲ, ಏನೂ ಕೇಳಿಸ್ಕೋಬೇಕಾಗಿಲ್ಲ. ಸಿನಿಮಾ ಮುಗೀತಿದ್ದಂಗೆ ಶಾಲು. ಆಮೇಲೆ ಊಟ."

ನಾನು ಹ್ಞೂಂ ಅಂದೆ. ಆಗ ಅದು ನನಗೆ ದಯೆಯಂತೆಯೇ ಕಂಡಿತು.

ಮಾಮ ತಕ್ಷಣ ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ಸಿನಿಮಾವನ್ನು ಸರ್ಕಾರಿ ಫೈಲಿನಂತೆ ಹಿಡಿದುಕೊಂಡರು. ಲ್ಯಾಪ್‌ಟಾಪಿನಲ್ಲಿ ಅದನ್ನು ಎಷ್ಟು ಸಲ ನೋಡಿದರೋ! ಜೊತೆಗೆ ಕೀಬೋರ್ಡ್ ನುಡಿಸಲು ರೋಷನ್. ಮಂಗಳೂರಿನವನು, ಇಲ್ಲಿ ಕಾರ್ಪೊರೇಟ್ ಆಫೀಸಿನಲ್ಲಿ ಕೆಲಸ, ಭಾನುವಾರ ಚರ್ಚಿನಲ್ಲಿ ನುಡಿಸುತ್ತಾನೆ. ಒಂದು ರಿಹರ್ಸಲ್‌ಗೆ ನಾನೂ ಮಯೂರ್ ವಿಹಾರಕ್ಕೆ ಹೋಗಿದ್ದೆ.

ಕಥೆ ಇಷ್ಟು. ನಾಯಕ ಬೇಕರಿ ಕೆಲಸದವನು. ತನಗಿಂತ ಎತ್ತರದ ಮದುವೆಯ ಕೇಕನ್ನು ಊರಾಚೆಯ ಚರ್ಚಿಗೆ ಮುಟ್ಟಿಸಬೇಕು. ದಾರಿಯಲ್ಲಿ ನಾಯಿ, ಏಣಿ, ಆಗತಾನೇ ಸಿಮೆಂಟ್ ಹಾಕಿದ ಫುಟ್‌ಪಾತ್, ದಢೂತಿ ಪೊಲೀಸ್. ಚರ್ಚಿಗೆ ಹೋದರೆ ಅಲ್ಲಿ ಮದುಮಗನೇ ನಾಪತ್ತೆ. ಮದುಮಗಳ ಅಪ್ಪ ಕೇಕ್ ತಂದವನನ್ನೇ ಹಿಡಿದು ನಿಲ್ಲಿಸುತ್ತಾನೆ. ಮದುವೆ. ಮುತ್ತು. ಪರದೆ ಪೂರ್ತಿ ಕತ್ತಲು. ಮುಗಿಯಿತು ಅಂದುಕೊಳ್ಳಬೇಕು, ಅಷ್ಟರಲ್ಲಿ ಬೆಳಕು ಬಂದು, ಕುಡಿದು ಮಲಗಿದ್ದ ಅಸಲೀ ಮದುಮಗ ಎದ್ದು ಕೂರುತ್ತಾನೆ. ಅಲ್ಲಿಂದ ಊರು ತುಂಬ ಓಟ.

"ಅಪ್ಪ ಬಂದಾಗ ಅಠಾಣ" ಅಂದರು ಮಾಮ. "ಆ ಮೀಸೆಗೆ ಬೇರೆ ಯಾವ ರಾಗವೂ ಒಗ್ಗಲ್ಲ."

"ಅಂಕಲ್, ನಾಯಿಗೆ?" ಅಂದ ರೋಷನ್.

"ಹ್ಞಾ?"

"ನಾಯಿಗೆ! ನಾಯಿ!"

"ನಾಯಿಗೆ ನೀನು ನುಡ್ಸಪ್ಪ. ನನ್ನ ಮೇಷ್ಟ್ರು ನಾಯಿಗೆ ಹೇಳ್ಕೊಟ್ಟಿಲ್ಲ."

ಮುತ್ತಿನ ನಂತರದ ಕತ್ತಲು ಬಂದಾಗ ಮಾಮ ಕಮಾನನ್ನು ಕೆಳಗಿಟ್ಟು ನೀರು ಕುಡಿದರು. "ಇಲ್ಲಿ ಇಬ್ರೂ ಸುಮ್ನಿರ್ಬೇಕು. ಕತ್ತಲೆ ತಾನಾಗೇ ಕೆಲ್ಸ ಮಾಡತ್ತೆ" ಅಂದರು. ಹಾಗೆಂದದ್ದು ನನಗೆ ಚೆನ್ನಾಗಿ ನೆನಪಿದೆ. ನೀರು ಕುಡಿದದ್ದು ಆಗಲೋ ಇನ್ನೊಮ್ಮೆಯೋ, ಅದು ಖಾತ್ರಿ ಇಲ್ಲ.

ಹೊರಡುವಾಗ ವಿಮಲತ್ತೆಯನ್ನು, ಅಂದರೆ ಮಾಮನ ಹೆಂಡತಿಯನ್ನು, ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ. ಸನ್ಮಾನಕ್ಕೆ ದಂಪತಿಗಳನ್ನು ಒಟ್ಟಿಗೆ ಕರೆಯುವುದು ರೂಢಿ, ಆದರೆ ಗುಟ್ಟು ಬಿಡಬಾರದು ಎಂದು ಪ್ರವೀಣನ ಆಜ್ಞೆ.

"ಅತ್ತೆ, ಶನಿವಾರ ರೇಷ್ಮೆ ಸೀರೆ ಉಟ್ಕೊಂಡು ಬನ್ನಿ."

"ಮೂಕಿ ಸಿನಿಮಾಗೆ ಯಾಕೇ ರೇಷ್ಮೆ ಸೀರೆ? ಅದೂ ಕತ್ತಲೇಲಿ ಕೂತು ನೋಡೋದಕ್ಕೆ?"

"ಸುಮ್ನೆ ಅತ್ತೆ. ಫೋಟೋ ತೆಗೀತಾರೆ."

ಅತ್ತೆ ನನ್ನನ್ನೇ ಒಂದು ಕ್ಷಣ ನೋಡಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಪ್ರವೀಣನಿಗೆ ಗೊತ್ತಿರಲಿಲ್ಲ.

ಶನಿವಾರ ಬಂತು. ನಮ್ಮ ಸೊಸೈಟಿಯ ಕ್ಲಬ್‌ಹೌಸಿನ ಹಾಲ್. ಮುಂದೆ ಪರದೆ, ಅದರ ಬುಡದಲ್ಲಿ ಜಮಖಾನದ ಮೇಲೆ ಮಾಮ, ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ರೋಷನ್ನನ ಕೀಬೋರ್ಡ್. ಹಾಲಿನ ಹಿಂಭಾಗದಲ್ಲಿ ಊಟದ ಮೇಜುಗಳು. ಅಲ್ಲಿ ಅಡುಗೆಯ ಭಟ್ಟರು. ದೆಹಲಿಯ ಕನ್ನಡದವರ ಊಟವೆಲ್ಲ ಅವರದೇ. ದೀಪ ಬೆಳಗಿಸಿದ್ದಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಆಯಿತು. ಮೂಕಿ ಸಿನಿಮಾದ ಬಗ್ಗೆ ಅಷ್ಟೊಂದು ಮಾತಾಡಬಹುದು ಎಂದು ನನಗೆ ತಿಳಿದಿರಲಿಲ್ಲ. ಮುಖ್ಯ ಅತಿಥಿಗಳು (ನಿವೃತ್ತ ಅಧಿಕಾರಿ, ಮುಂದಿನ ಸಾಲು, ಸೋಫಾ) ಮೌನದ ಮಹತ್ವ ಕುರಿತು ಬಹಳ ಹೊತ್ತು ಮಾತಾಡಿದರು.

ವಿಮಲತ್ತೆ ನೀಲಿ ರೇಷ್ಮೆ ಸೀರೆಯಲ್ಲಿ ಬಂದಿದ್ದರು.

ಸಿನಿಮಾ ಶುರುವಾಯಿತು. ನನ್ನ ಮಗಳು ಇಶಾ ನನ್ನ ತೋಳು ಜಗ್ಗಿದಳು. "ಅಮ್ಮಾ, ಆಡಿಯೋ ನಹೀ ಆ ರಹಾ."

"ಇದಕ್ಕೆ ಆಡಿಯೋ ಇಲ್ಲ. ತಾತ ನುಡಿಸ್ತಿದಾರಲ್ಲ, ಅದೇ ಆಡಿಯೋ."

"ಅಚ್ಛಾ. ಮ್ಯೂಟ್ ಪೇ ದೇಖ್ನಾ ಹೈ."

ನಿಜ ಹೇಳಬೇಕೆಂದರೆ ಮೊದಲರ್ಧಕ್ಕೆ ಯಾರೂ ಅಷ್ಟಾಗಿ ನಗಲಿಲ್ಲ. ಹಳೆಯ ಹಾಸ್ಯಕ್ಕೆ ನಗುವುದು ಕಷ್ಟ. ನಗಬೇಕು ಎಂದು ಮೊದಲೇ ಗೊತ್ತಿರುತ್ತದೆ. ಕೇಕ್ ವಾಲಿದಾಗ ಹಿರಿಯರು ಆಹಾ ಅಂದರು, ಸಂಗೀತ ಕಛೇರಿಯಲ್ಲಿ ಅನ್ನುವಂತೆ. ಐಟಿಯವರು ಮೊಬೈಲ್ ಬೆಳಕಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದರು. ಮಾಮ ಮಾತ್ರ ತಲೆ ಎತ್ತಿ ಪರದೆ ನೋಡುತ್ತ, ಒಂದು ಹೆಜ್ಜೆಯನ್ನೂ ಬಿಡದೆ ನುಡಿಸಿದರು. ನಾಯಕ ಸಿಮೆಂಟಿನಲ್ಲಿ ಕಾಲಿಟ್ಟಾಗ ಅವರ ಬೆರಳು ತಂತಿಯ ಮೇಲೆ ಉದ್ದಕ್ಕೆ ಜಾರಿತು. ಎಷ್ಟು ಕರಾರುವಾಕ್ಕಾಗಿ! ನಾನು ಪ್ರವೀಣನ ಕಡೆ ನೋಡಿದೆ. ಅವನು ಬಾಗಿಲ ಹತ್ತಿರ ನಿಂತು ಪೇಟದ ಡಬ್ಬಿ ಬಿಚ್ಚುತ್ತಿದ್ದ.

ಮದುವೆಯಾಯಿತು. ಮುತ್ತಾಯಿತು. ಪರದೆ ಕತ್ತಲಾಯಿತು. (ನನ್ನ ಪ್ರಕಾರ.)

ಆಗ ಮಾಮ ಮಂಗಳ ನುಡಿಸಿದರು.

ಮಂಗಳ ಕೇಳಿದ ಮೇಲೆ ನಮ್ಮವರು ಏನು ಮಾಡುತ್ತಾರೆ ಎಂದು ನಿಮಗೆ ಹೇಳಬೇಕೇ? ಅದು ಬುದ್ಧಿಗೆ ಸಂಬಂಧಿಸಿದ್ದಲ್ಲ, ಮಂಡಿಗೆ ಸಂಬಂಧಿಸಿದ್ದು. ಮೊದಲ ಸಾಲಿನ ಸ್ವರ ಬಿದ್ದದ್ದೇ ತಡ, ಹಾಲಿನಲ್ಲಿದ್ದ ಕರ್ನಾಟಕವೆಲ್ಲ ಎದ್ದು ನಿಂತಿತು. ಹಿರಿಯರು ಕೈಮುಗಿದರು. ಹೆಂಗಸರು ಕುರ್ಚಿಯಡಿಯ ಚಪ್ಪಲಿಗೆ ಕಾಲು ಚಾಚಿದರು. ಗಂಡಸರು ಜೇಬು ತಟ್ಟಿಕೊಂಡು ಕಾರಿನ ಕೀ ಇದೆಯೇ ನೋಡಿಕೊಂಡರು. ಹಿಂದೆ ಭಟ್ಟರು ಒಂದೇ ಏಟಿಗೆ ಪಾತ್ರೆಗಳ ಮುಚ್ಚಳ ತೆಗೆದರು. ಇಷ್ಟು ವರ್ಷದಿಂದ ಅವರಿಗೂ ಸೂಚನೆ ಅದೇ. ಬಿಸಿಬೇಳೆಭಾತಿನ ಆವಿ ಮೇಲೆದ್ದಿತು. ನನ್ನ ಗಂಡ ಮಾಯವಾದ.

ಅಷ್ಟರಲ್ಲಿ ಪರದೆಯ ಮೇಲೆ ಬೆಳಕು. ಅಸಲೀ ಮದುಮಗ ಎದ್ದು ಕೂತ.

"ಮುಗಿದಿಲ್ಲ! ಇನ್ನೂ ಇದೆ! ಕೂತ್ಕೊಳ್ಳಿ!" ಪ್ರವೀಣ್ ಕೂಗಿದ. ಯಾರು ಕೂರುತ್ತಾರೆ? ಸಾಲು ಆಗಲೇ ಬಾಗಿಲವರೆಗೆ ಬೆಳೆದಿತ್ತು. ಸಾಲು ಬಿಟ್ಟರೆ ಹಪ್ಪಳ ಸಿಗುವುದಿಲ್ಲ. ಅವನು ಮಾಮನ ಮುಂದೆ ಓಡಿಹೋಗಿ ಎರಡೂ ಕೈ ಆಡಿಸಿದ. ಮಾಮ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. "ಅಂಕಲ್! ಅಂಕಲ್!" ಅಂದ. ಕೇಳಿಸಬೇಕಲ್ಲ?

ಇಡೀ ಹಾಲಿನಲ್ಲಿ ಕಾರ್ಯಕ್ರಮ ಮುಗಿಯಿತು ಎಂದು ತಿಳಿಯದಿದ್ದವನು ರೋಷನ್ ಒಬ್ಬನೇ. "ನಂಗೆಂತ ಗೊತ್ತು ಮಾರಾಯ್ರೇ, ಇಷ್ಟು ಒಳ್ಳೆ ಟ್ಯೂನ್ ಉಂಟು, ಜನ ಎದ್ದು ನಿಲ್ತಿದ್ದಾರೆ, ಹಿಟ್ ಆಯ್ತು ಅಂತ ಮಾಡಿದೆ" ಅಂದ ಆಮೇಲೆ. ಪರದೆಯ ಮೇಲೆ ಓಟ ಶುರುವಾದ ಕೂಡಲೇ ಅವನು ವೇಗ ಹೆಚ್ಚಿಸಿದ. ಮಾಮನ ಮಂಗಳವೂ ಅದರ ಜೊತೆ ಏರಿತು. ಮೊದಲು ಒಂದೂವರೆ ಪಟ್ಟು, ಆಮೇಲೆ ಎರಡು ಪಟ್ಟು.

ನೀವೇ ಊಹಿಸಿಕೊಳ್ಳಿ. ಮುಂದೆ ಕೇಕಿನವನು, ಅವನ ಹಿಂದೆ ಮದುಮಗ, ಅವನ ಹಿಂದೆ ಮೀಸೆಯ ಅಪ್ಪ, ಪೊಲೀಸ್, ನಾಯಿ. ಎಲ್ಲರೂ ನಮ್ಮ ಮನೆಯ ಮಂಗಳಾರತಿಯ ಲಯಕ್ಕೆ ಓಡುತ್ತಿದ್ದಾರೆ. ಪೊಲೀಸ್ ಸಿಮೆಂಟಿಗೆ ಬಿದ್ದದ್ದು ಸರಿಯಾಗಿ ಮಂಗಳದಲ್ಲಿ 'ಶುಭ' ಎಂಬ ಪದ ಬರುವ ಹತ್ತಿರ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿದರು. ಯಾರೋ ಒಬ್ಬರು ಫುರ್ರ್ ಎಂದು ನಕ್ಕರು. ಅಷ್ಟೇ. ಆಮೇಲೆ ತಡೆಯುವವರಿಲ್ಲ. ತಟ್ಟೆ ಹಿಡಿದವರು, ಬಾಯಲ್ಲಿ ತುತ್ತಿದ್ದವರು, ಮಕ್ಕಳು, ಮಜ್ಜಿಗೆ ಲೋಟ ಹಿಡಿದ ಅಜ್ಜಿಯರು, ಎಲ್ಲರೂ. ಭಟ್ಟರು ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದರು. ಇಶಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಎಂದು ನನ್ನನ್ನು ಕೇಳಬೇಡಿ. ಆ ಸಂಜೆಯ ಮಟ್ಟಿಗೆ ನಾನು ನಂಬಲರ್ಹ ಸಾಕ್ಷಿಯಲ್ಲ.

ಸಿನಿಮಾ ನಿಜವಾಗಿ ಮುಗಿಯಿತು. ಮಾಮ ಕಮಾನು ಕೆಳಗಿಟ್ಟರು. ಇನ್ನೇನು ನುಡಿಸಬೇಕು? ಮಂಗಳವಾದ ಮೇಲೆ ನುಡಿಸಲು ನಮ್ಮಲ್ಲಿ ಏನೂ ಇಲ್ಲ. ಜನ ತಟ್ಟೆಯಿಲ್ಲದ ಕೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದರು. ಮಾಮ ತಲೆಯೆತ್ತಿ ಹಾಲಿನ ಕಡೆ ನೋಡಿದರು. ಆಗ ಅವರ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಹೋಯಿತು ಎಂದು ನನಗೆ ಅನ್ನಿಸುತ್ತದೆ. ಪ್ರೊಜೆಕ್ಟರಿನ ಬೆಳಕು ಅವರ ಕನ್ನಡಕದ ಮೇಲೆ ಬಿದ್ದಿತ್ತು.

ಶಾಲು?

ಪ್ರವೀಣ್ ಅದನ್ನು ಪ್ಲಾಸ್ಟಿಕ್ ಕವರಿನ ಸಮೇತ ಎದೆಗವಚಿಕೊಂಡು ಹಾಲಿನಲ್ಲಿ ಸುತ್ತುತ್ತಿದ್ದ. ಕುರ್ಚಿಗಳೆಲ್ಲ ಖಾಲಿ. ಶಾಲು ಹೊದಿಸಬೇಕಾದ ಮುಖ್ಯ ಅತಿಥಿಗಳ ಬಲಗೈ ಮೊಸರನ್ನದಲ್ಲಿತ್ತು. ಮೊಸರನ್ನದ ಕೈಯಿಂದ ಸನ್ಮಾನ ಮಾಡಬಹುದೇ? ಅವರು ಪ್ರವೀಣನನ್ನು ನೋಡಿ ಎಡಗೈಯಿಂದ 'ಆಮೇಲೆ' ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಸೊಸೈಟಿಯ ಗಾರ್ಡ್ ಬಂದ. "ಸರ್, ಹಾಲ್ ಖಾಲಿ ಕರ್ನಾ ಹೈ. ಎಸಿ ಬಂದ್ ಕರ್ ರಹಾ ಹೂಂ."

"ಭಯ್ಯಾ, ದಸ್ ಮಿನಿಟ್!"

"ನಹೀ ಸರ್, ಮೈಂಟೆನೆನ್ಸ್ ವಾಲೇ ಡಾಂಟೇಂಗೇ." ನಮಗಾಗಿ ಬೈಸಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಹೀಗಾಗಿ ಸುದೀರ್ಘ ಸೇವೆಗೆ ಸನ್ಮಾನ ನಡೆಯಲಿಲ್ಲ. ಬದಲಿಗೆ ಜನ ಮಾಮನನ್ನು ಮುತ್ತಿಕೊಂಡರು. ಈವರೆಗೆ ಅವರನ್ನು ಯಾರೂ ಹಾಗೆ ಮುತ್ತಿಕೊಂಡದ್ದನ್ನು ನಾನು ನೋಡಿರಲಿಲ್ಲ. "ಅಂಕಲ್, ಸಖತ್!" "ಅಂಕಲ್, ಇನ್ನೊಂದು ಯಾವಾಗ?" ಮಾಮ ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಏನು ಕೇಳಿಸಿತೋ!

ಅವರನ್ನು ನಾನೇ ಕಾರಿನಲ್ಲಿ ಮಯೂರ್ ವಿಹಾರಕ್ಕೆ ಬಿಟ್ಟುಬಂದೆ. ದಾರಿಯಲ್ಲಿ ವಿಮಲತ್ತೆ ಸೆರಗು ಸರಿಮಾಡಿಕೊಳ್ಳುತ್ತ ಅಂದರು, "ಫೋಟೋ ತೆಗೀತಾರೆ ಅಂದ್ಯಲ್ಲೇ. ಯಾರೂ ತೆಗೀಲಿಲ್ಲ."

ಮಾಮ ಕಿಟಕಿಯಾಚೆ ನೋಡುತ್ತ ಅಂದರು, "ಹಪ್ಪಳ ಚೆನ್ನಾಗಿತ್ತು."

ಮಾರನೆಯ ದಿನ ಪ್ರವೀಣನ ಫೋನ್. ಸಮಿತಿಯಲ್ಲಿ ಎರಡು ಪಕ್ಷವಾಗಿದೆಯಂತೆ. ಒಂದು ಪಕ್ಷದ ಪ್ರಕಾರ ಪಾಪ, ವಯಸ್ಸಾಯಿತು, ಕತ್ತಲಾದದ್ದನ್ನು ಕಂಡು ಮುಗಿಯಿತು ಅಂದುಕೊಂಡರು, ಕೂಗಿದರೂ ಕೇಳಿಸಲಿಲ್ಲ. ಮುಂದಿನ ಸಲ ಮರ್ಯಾದೆ ಹೋಗುವ ಮೊದಲು ಶಾಲು ಹೊದಿಸಿಬಿಡೋಣ. ಇನ್ನೊಂದು ಪಕ್ಷದ ಪ್ರಕಾರ ಅವರು ಬೇಕೆಂದೇ ನುಡಿಸಿದರು. ಇಂಥ ತಮಾಷೆ ಬೇರೆ ಯಾರಿಂದ ಸಾಧ್ಯ? ಇನ್ನು ಪ್ರತೀ ಸಿನಿಮಾಗೂ ಅವರೇ.

"ಎರಡರಲ್ಲಿ ಯಾವುದು ಅಂತ ಕೇಳಿ ಹೇಳಿ ಮೇಡಂ. ನಿಮ್ಮ ಮಾಮ ಅಲ್ವಾ?"

ಮತ್ತೆ ನಾನೇ.

ನೀವು ನ್ಯಾಯಾಧೀಶರಾಗಿ ಒಂದು ಕ್ಷಣ ಕೂತುಕೊಳ್ಳಿ. ತಪ್ಪಿ ನುಡಿಸಿದರು ಎನ್ನುವುದಕ್ಕೆ ಆಧಾರವಿದೆ. ಪರದೆ ತಲೆಯ ಮೇಲೆಯೇ ಇತ್ತು, ಕತ್ತು ನೋಯುತ್ತಿದ್ದಿರಬೇಕು, ಹಾಲಿನ ಸದ್ದು ಅವರಿಗೆ ಮುಟ್ಟುವುದಿಲ್ಲ, ಕಣ್ಣು ಬೇರೆ ಮುಚ್ಚಿತ್ತು. ಬೇಕೆಂದೇ ನುಡಿಸಿದರು ಎನ್ನುವುದಕ್ಕೂ ಆಧಾರವಿದೆ. ಆ ಕತ್ತಲನ್ನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದರು, ಅಲ್ಲಿ ಸುಮ್ಮನಿರಬೇಕು ಎಂದು ರೋಷನ್ನನಿಗೆ ಹೇಳಿದ್ದವರೇ ಅವರು. ಕೇಳಿಸದವರು ಓಟದ ವೇಗಕ್ಕೆ ಸರಿಯಾಗಿ ಹೇಗೆ ಏರಿದರು? ಕಣ್ಣು ಪೂರ್ತಿ ಮುಚ್ಚಿತ್ತೇ? ಇಷ್ಟಕ್ಕೂ ಇವರು ಸರ್ಕಾರಿ ಕಚೇರಿಯಲ್ಲಿ ಎಷ್ಟೋ ಜನರ ಬೀಳ್ಕೊಡುಗೆ ಸಮಾರಂಭವನ್ನು ತಾವೇ ಮುಂದೆ ನಿಂತು ನಡೆಸಿದವರು. ಹೆಂಡತಿ ಕಾರಣವಿಲ್ಲದೆ ರೇಷ್ಮೆ ಸೀರೆ ಉಟ್ಟರೆ ಅಂಥವರಿಗೆ ಏನು ನಡೆಯಲಿದೆ ಎಂದು ತಿಳಿಯುವುದಿಲ್ಲವೇ? ಊಟ ಶುರುವಾದ ಮೇಲೆ ಭೂಮಿಯ ಮೇಲಿನ ಯಾವ ಶಕ್ತಿಯೂ ಕನ್ನಡದವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಲಾರದು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಂಗಳವಾರ ಅವರ ಮನೆಗೇ ಹೋದೆ. ಸ್ವಲ್ಪ ಚೆನ್ನಾಗಿ ಕೇಳಿಸುವುದು ಅವರ ಎಡಗಿವಿಗೆ. ಆ ಕಡೆಯೇ ಕೂತೆ. ಮಾಮ ಪಿಟೀಲಿಗೆ ಹೊಸ ತಂತಿ ಹಾಕುತ್ತಿದ್ದರು. ಕೇಳಿದೆ. ದೊಡ್ಡದಾಗಿಯೇ ಕೇಳಿದೆ. ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿತು, ಏಕೆಂದರೆ ಅಲ್ಲಿ ಪಾತ್ರೆಗಳ ಸದ್ದು ನಿಂತಿತು.

ಮಾಮ ಬಿರಡೆ ತಿರುಗಿಸುತ್ತ ಅಂದರು, "ಆ ರೋಷನ್‌ಗೆ ಹೇಳು. ಮುಂದಿನ ಸಿನಿಮಾ ಬೇಗ ಕಳ್ಸು ಅಂತ. ಈ ಸಲ ನಾಯಿಗೂ ನಾನೇ ನುಡ್ಸ್ತೀನಿ."

ಅದು ಉತ್ತರವೇ? ಇತಿಹಾಸ ಓದಿದವಳಾಗಿ ಅದನ್ನು ಉತ್ತರವೆಂದು ದಾಖಲಿಸಲಾರೆ.

ಮನೆಗೆ ಬರುವಾಗ ಮೆಟ್ರೋದಲ್ಲಿ ನನಗೆ ಹೊಳೆದದ್ದು ಬೇರೆ. ತಪ್ಪಿ ನುಡಿಸಿದೆ ಅಂತ ಮಾಮ ಅಂದರೆ ಅವರ ಪಿಟೀಲು ಡಬ್ಬಿ ಸೇರುತ್ತದೆ, ಬೀರುವಿನಲ್ಲಿ ಆ ಇನ್ನೊಂದು ಡಬ್ಬಿಯ ಪಕ್ಕ. ಬೇಕೆಂದೇ ನುಡಿಸಿದೆ ಅಂದರೆ ಶಾಲಿನ ಸಂಚು ಅವರಿಗೆ ಗೊತ್ತಿತ್ತು ಎಂದಾಯಿತು. ಅದರಲ್ಲಿ ನಾನೂ ಇದ್ದೆ ಎಂಬುದೂ ಗೊತ್ತಿತ್ತು ಎಂದಾಯಿತು. ಹಾಗಿದ್ದೂ ಅವರು ನನ್ನ ಕಾರಿನಲ್ಲಿ ಕೂತು ಹಪ್ಪಳ ಚೆನ್ನಾಗಿತ್ತು ಅಂದರು. ನನಗೆ ಯಾವ ಉತ್ತರ ಬೇಕು? ಪ್ರವೀಣನಿಗೆ ಬೇಕಾದದ್ದು ಒಂದೇ ಒಂದು ಶಬ್ದ, ಅವನ ಶೀಟಿನ ಒಂದು ಚೌಕಕ್ಕೆ. ನನಗೆ ಬೇಕಾದದ್ದು ಅಷ್ಟು ಚಿಕ್ಕದಲ್ಲ.

ಆದರೂ ಕೇಳಿಸಲಿಲ್ಲ ಎಂಬ ಅನುಮಾನ ಬೇಡವೆಂದು ವಾಟ್ಸ್ಯಾಪಿನಲ್ಲಿ ಅದೇ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು ಕಳಿಸಿದ್ದೇನೆ. ಓದಿದ್ದಾರೆ ಎನ್ನುವ ನೀಲಿ ಗುರುತು ಬಂದಿದೆ. ಅದಾದ ಮೇಲೆ ಮಾಮನಿಂದ ಗುಲಾಬಿ ಹೂವಿನ ಶುಭೋದಯ ಬಂದಿದೆ, ಮಂಡಿನೋವಿಗೆ ಮೆಂತ್ಯದ ಪ್ರಯೋಜನ ಬಂದಿದೆ, ಇಶಾಳ ಪರೀಕ್ಷೆಗೆ ಆಶೀರ್ವಾದ ಬಂದಿದೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಏನೂ ಬಂದಿಲ್ಲ.

"ಮಾಮ, ಸಿನಿಮಾ ಮುಗಿದಿಲ್ಲ ಅಂತ ನಿಮಗೆ ಗೊತ್ತಿತ್ತಾ?"